ಘಟ್ಟ ಇಳಿದು ಮೀನೂಟ: ಮಂಗಳೂರಿನ ಹಳೇ ಹೋಟೆಲಲ್ಲಿ ಏನು ಕೇಳಬೇಕು, ಯಾವಾಗ ಕೇಳಬೇಕು

[ದೃಶ್ಯ: ಆಗುಂಬೆ ಘಾಟಿಯ ತಿರುವು, ಕೆಳಗಿಳಿಯುತ್ತಿರುವ ಕಾರು]

ಶಿವಮೊಗ್ಗದಿಂದ ತೀರ್ಥಹಳ್ಳಿ, ಆಗುಂಬೆ, ಹೆಬ್ರಿ, ಕಾರ್ಕಳ ದಾಟಿ ಮಂಗಳೂರಿಗೆ ಸುಮಾರು 190 ಕಿಲೋಮೀಟರ್. ಮೀನೂಟಕ್ಕೆಂದೇ ಇಷ್ಟು ದೂರ ಹೋಗುವವರು ನಮ್ಮಲ್ಲಿ ಬಹಳ ಜನ. ಹೋಗಿ ಕೂತ ಕೂಡಲೇ ಬಾಯಿಗೆ ಬರುವುದು ಎರಡೇ ಹೆಸರು: ಅಂಜಲ್, ಪಾಂಪ್ಲೆಟ್. ಊಟ ಅರ್ಧ ಕೆಡುವುದು ಅಲ್ಲೇ.

ಯಾಕೆ ಅಂತ ತಿಳಿಯಬೇಕಾದರೆ ಹೋಟೆಲಿಗಿಂತ ಮೊದಲು ಹಳೇ ಬಂದರಿನ ಧಕ್ಕೆಗೆ ಹೋಗಬೇಕು.

[ದೃಶ್ಯ: ಧಕ್ಕೆ, ಬುಟ್ಟಿಗಳಲ್ಲಿ ಬಂಗುಡೆ, ಐಸ್ ಹೊಡೆಯುವ ಸದ್ದು]

ಇಲ್ಲಿಗೆ ಬರುವ ಬೋಟುಗಳಲ್ಲಿ ಎರಡು ಬಗೆ ಮುಖ್ಯ. ಬಲೆ ಸುತ್ತುಹಾಕಿ ಹಿಂಡುಮೀನು ಹಿಡಿಯುವ ಪರ್ಸೀನ್ ಬೋಟು ಸಾಮಾನ್ಯವಾಗಿ ಹೋದ ದಿನವೇ ವಾಪಸ್. ಅದರಲ್ಲಿ ಬರುವುದು ಬಂಗುಡೆ, ಬೂತಾಯಿ. ಆಳಸಮುದ್ರದ ಟ್ರಾಲ್ ಬೋಟು ಹಾಗಲ್ಲ, ವಾರ, ಹತ್ತು ದಿನ ನೀರಲ್ಲೇ ಇರುತ್ತದೆ. ಮೊದಲ ದಿನ ಸಿಕ್ಕ ಮೀನೂ ಕೊನೇ ದಿನ ಸಿಕ್ಕ ಮೀನೂ ಒಂದೇ ಐಸಿನ ಕೋಣೆಯಲ್ಲಿ ಕೂತು ದಡಕ್ಕೆ ಬರುತ್ತವೆ. ನಿಮ್ಮ ತಟ್ಟೆಯ ದುಬಾರಿ ಅಂಜಲ್ ಹಾಗೆ ಬಂದದ್ದಿರಬಹುದು. ಸರಿಯಾಗಿ ಐಸು ಹಾಕಿದ್ದರೆ ಅದರಲ್ಲಿ ತಪ್ಪೇನಿಲ್ಲ. ಆದರೆ ಪಕ್ಕದ ಮೇಜಿನವರು ತಿನ್ನುತ್ತಿರುವ ಅಗ್ಗದ ಬಂಗುಡೆ ಅದಕ್ಕಿಂತ ಎಷ್ಟೋ ತಾಜಾ ಇರುವ ಸಾಧ್ಯತೆ ಹೆಚ್ಚು.

ಹಾಗಾಗಿ ಮೆನು ಕಾರ್ಡು ಮುಚ್ಚಿಟ್ಟು ಕೇಳಿ: "ಅಣ್ಣಾ, ಇವತ್ತು ಬೆಳಿಗ್ಗೆ ಬಂದದ್ದು ಎಂತ ಉಂಟು?" ಹಳೇ ಹೋಟೆಲಿನವರು ಈ ಪ್ರಶ್ನೆಗೆ ನೇರ ಉತ್ತರ ಕೊಡುತ್ತಾರೆ. ಬಹಳ ಕಡೆ ಮಸಾಲೆ ಹಚ್ಚಿದ ಮೀನಿನ ಟ್ರೇಯನ್ನೇ ತಂದು ಮುಂದಿಡುತ್ತಾರೆ. ಆರಿಸುವಾಗಲೇ ರೇಟು ಕೇಳಿಕೊಳ್ಳಿ. ಇಡೀ ಪಾಂಪ್ಲೆಟ್, ಏಡಿ, ದೊಡ್ಡ ಸಿಗಡಿಗೆ ಕಾರ್ಡಿನಲ್ಲಿ ರೇಟು ಬರೆದಿರುವುದಿಲ್ಲ, ಸೈಜಿನ ಮೇಲೆ ಹೇಳುತ್ತಾರೆ. ಬಿಲ್ಲು ಬಂದ ಮೇಲೆ ಆಗುವ ಜಗಳಗಳಲ್ಲಿ ಹೆಚ್ಚಿನವು ಇದರಿಂದಲೇ.

[ತೆರೆಯ ಮೇಲೆ: ಜೂನ್ 1 – ಜುಲೈ 31]

ಇನ್ನು ತಿಂಗಳ ಲೆಕ್ಕ. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ಬೋಟುಗಳಿಗೆ ರಜೆ. ಮೀನು ಮರಿ ಮಾಡುವ ಕಾಲ ಅದು. ಆಗ ಕಡಲಿಗಿಳಿಯುವುದು ನಾಡದೋಣಿ ಮಾತ್ರ, ಅದೂ ಅಲೆ ತಗ್ಗಿದಾಗ. ಪೂರ್ವ ಕರಾವಳಿಯ ರಜೆ ಏಪ್ರಿಲ್ 15ಕ್ಕೆ ಶುರುವಾಗಿ ಜೂನ್ 14ಕ್ಕೆ ಮುಗಿಯುವುದರಿಂದ, ಆಮೇಲೆ ಆ ಕಡೆಯಿಂದ ಲಾರಿಯಲ್ಲಿ ಮೀನು ಬರುತ್ತದೆ. ಜುಲೈನಲ್ಲಿ ಅಂಜಲ್ ತಿಂದರೆ ನೀವು ತಿನ್ನುವುದು ಬಹುಶಃ ಅದನ್ನು, ಇಲ್ಲವೇ ಫ್ರೀಜರಿನದ್ದನ್ನು.

ಮಳೆಗಾಲದಲ್ಲಿ ಹೋದಿರಾದರೆ ನಾಡದೋಣಿ ಮೀನು ಬಂದಿದೆಯಾ ಕೇಳಿ, ಇಲ್ಲದಿದ್ದರೆ ಒಣಸಿಗಡಿ ಚಟ್ನಿ ಹೇಳಿ. ಅದು ನಮಗೆ ಹೊಸ ರುಚಿಯೇನಲ್ಲ. ಮಂಗಳೂರು ಕೆಳದಿ ನಾಯಕರ ಆಡಳಿತದಲ್ಲಿದ್ದ ಕಾಲಕ್ಕೇ ನಮ್ಮ ಕಡೆಯ ಅಕ್ಕಿ, ಕಾಳುಮೆಣಸು ಘಟ್ಟ ಇಳಿದು ಬಂದರು ಸೇರುತ್ತಿತ್ತು, ಉಪ್ಪು, ಒಣಮೀನು ಘಟ್ಟ ಹತ್ತುತ್ತಿತ್ತು. ಆಗುಂಬೆ ಮಳೆಯಲ್ಲಿ ಗಂಜಿಗೆ ಒಣಮೀನು ಸುಟ್ಟುಕೊಂಡವರಿಗೆ ಇದನ್ನು ವಿವರಿಸುವುದೇ ಬೇಡ.

ಹಸಿಮೀನಿನ ಒಳ್ಳೇ ಕಾಲ ಸೆಪ್ಟೆಂಬರಿನಿಂದ ಡಿಸೆಂಬರ್. ಮಳೆ ಮುಗಿದ ಮೇಲಿನ ಬೂತಾಯಿಯಲ್ಲಿ ಕೊಬ್ಬು ತುಂಬಿರುತ್ತದೆ, ರುಚಿ ಇರುವುದು ಆ ಕೊಬ್ಬಿನಲ್ಲೇ.

ಹೊತ್ತು ಹನ್ನೆರಡೂವರೆಗೆ ಕೂರುವ ಹಾಗಿರಲಿ. ಅಂದರೆ ಶಿವಮೊಗ್ಗ ಬಿಡುವುದು ಆರೂವರೆಗೆ, ದಾರಿಯಲ್ಲಿ ತಿಂಡಿ ಹಗುರ. ಒಂದೂವರೆ ದಾಟಿದರೆ ಒಳ್ಳೇ ಮೀನು ಖಾಲಿಯಾಗುವುದಷ್ಟೇ ಅಲ್ಲ, ಅಡುಗೆಮನೆಗೆ ಒತ್ತಡ ಏರಿ ಒಲೆ ಜೋರಾಗುತ್ತದೆ. ಮಸಾಲೆ ಕರಿ ಕಟ್ಟಿ ಮುಳ್ಳಿನ ಹತ್ತಿರ ಇನ್ನೂ ಕೆಂಪಗಿರುವ ಮೀನು ಬರುವುದು ಆಗಲೇ. ಅಂಥದ್ದನ್ನು ಸಂಕೋಚವಿಲ್ಲದೆ ವಾಪಸ್ ಕಳಿಸಿ.

[ದೃಶ್ಯ: ಬಾಳೆಲೆ, ಕುಚ್ಚಲಕ್ಕಿ ಅನ್ನ, ಕೆಂಪು ಸಾರು]

'ಫಿಶ್ ಮೀಲ್ಸ್' ಅಂದರೆ ಬಹುತೇಕ ಕಡೆ ಅನ್ನ, ಪಲ್ಯ, ಮೀನಿನ ಸಾರು. ತುಂಡು ಬೇಕಾದರೆ ಬೇರೆ ಹೇಳಬೇಕು. ಅನ್ನದಲ್ಲಿ ಕುಚ್ಚಲಕ್ಕಿಯೋ ಬೆಳ್ತಿಗೆಯೋ ಅಂತ ಕೇಳುತ್ತಾರೆ. ಬಿಳಿ ಅನ್ನದ ಅಭ್ಯಾಸದವರೂ ಒಂದು ಸೌಟು ಕುಚ್ಚಲಕ್ಕಿ ಹಾಕಿಸಿಕೊಳ್ಳಿ. ದಪ್ಪ ಕಾಳು ಬಿಡಿಬಿಡಿಯಾಗಿ ನಿಂತು ಸಾರನ್ನು ತಡೆದುಕೊಳ್ಳುತ್ತದೆ, ಬೆಳ್ತಿಗೆಯ ಹಾಗೆ ಬೇಗ ಮುದ್ದೆಯಾಗುವುದಿಲ್ಲ.

ಸಾರಿನಲ್ಲಿ ಎರಡು ದಾರಿ. ಗಸಿ ಅಂದರೆ ತೆಂಗಿನಕಾಯಿ ನುಣ್ಣಗೆ ಅರೆದದ್ದು. ಪುಳಿಮುಂಚಿಯ ಅರ್ಥ ಹೆಸರಲ್ಲೇ ಇದೆ, ತುಳುವಿನಲ್ಲಿ ಪುಳಿ ಅಂದರೆ ಹುಳಿ, ಮುಂಚಿ ಅಂದರೆ ಮೆಣಸಿನಕಾಯಿ. ಇದರಲ್ಲಿ ಕಾಯಿ ಇರುವುದಿಲ್ಲ, ಇದ್ದರೂ ಹೆಸರಿಗಷ್ಟೇ. ಅರ್ಧ ಕಿಲೋ ಬೂತಾಯಿಗೆ 12–15 ಬ್ಯಾಡಗಿ ಮೆಣಸಿನಕಾಯಿ, ಎರಡು ಚಮಚ ಕೊತ್ತಂಬರಿ, ಕಾಲು ಚಮಚ ಮೆಂತೆ, ಸ್ವಲ್ಪ ಜೀರಿಗೆ, ಕಾಳುಮೆಣಸು, ಬೆಳ್ಳುಳ್ಳಿ, ನಿಂಬೆಗಾತ್ರದ ಹುಣಸೆ. ಮೆಂತೆ ಹೆಚ್ಚಾದರೆ ಕಹಿ. ಮಸಾಲೆ ಕುದಿದು ಹಸಿವಾಸನೆ ಹೋದ ಮೇಲೆ ಮೀನು ಹಾಕಿ ಏಳೆಂಟು ನಿಮಿಷ. ಸೌಟು ಆಡಿಸುವ ಹಾಗಿಲ್ಲ, ಪಾತ್ರೆಯನ್ನೇ ಹಿಡಿದು ಅಲುಗಿಸಬೇಕು. ತಟ್ಟೆಯಲ್ಲಿ ಮೀನು ಪುಡಿಪುಡಿಯಾಗಿದ್ದರೆ ಒಂದೋ ಸೌಟು ಆಡಿದೆ, ಇಲ್ಲವೇ ಮೀನೇ ಹಳತು. ಬೂತಾಯಿ, ಬಂಗುಡೆಯಂಥ ಎಣ್ಣೆಮೀನಿಗೆ ಪುಳಿಮುಂಚಿಯೇ ಸರಿ, ಆ ಜಿಡ್ಡನ್ನು ಹುಳಿಯೇ ಹದಕ್ಕೆ ತರಬೇಕು.

ಫ್ರೈನಲ್ಲಿ ಕಾಣೆ ಮೀನಿಗೆ ರವೆ ಒಪ್ಪುತ್ತದೆ. ಅದರ ಮಾಂಸ ಮೃದು, ರವೆ ಅದನ್ನು ಒಡೆಯದ ಹಾಗೆ ಹಿಡಿದಿಡುತ್ತದೆ. ಬಂಗುಡೆಗೆ ಎರಡೂ ಬದಿ ಮೂರು ಮೂರು ಗೀರು ಹಾಕಿದ ಮಸಾಲೆ ಫ್ರೈ. ಅಂಜಲಿನ ಬೆರಳುದಪ್ಪದ ತುಂಡು ಕಾವಲಿಯ ಮೇಲೆ ಒಂದು ಬದಿಗೆ ಮೂರು ನಾಲ್ಕು ನಿಮಿಷಕ್ಕಿಂತ ಹೆಚ್ಚು ನಿಂತರೆ ಒಣಗಿ ಸೌದೆ. ನಾಲ್ಕು ಜನರಿಗೆ ನಾಲ್ಕು ಊಟ, ಒಂದು ಪುಳಿಮುಂಚಿ, ಎರಡು ಬಗೆ ಫ್ರೈ, ಒಂದು ಮರುವಾಯಿ ಸುಕ್ಕ, ಅಂದರೆ ಚಿಪ್ಪುಮೀನಿನ ಒಣ ಪಲ್ಯ, ಧಾರಾಳ. ಮರುವಾಯಿಯಲ್ಲಿ ಬಾಯಿ ಬಿಡದ ಚಿಪ್ಪು ಸಿಕ್ಕರೆ ಬದಿಗಿಡಿ.

ಮುಳ್ಳಿನ ಹೆದರಿಕೆ ಇರುವವರಿಗೆ, ಮಕ್ಕಳಿಗೆ ಕಾಣೆ ಅಥವಾ ಅಂಜಲ್. ಬಂಗುಡೆಯನ್ನು ಬೆನ್ನಿನಿಂದ ಬಾಲದವರೆಗೆ ಬೆರಳಿನಿಂದ ಒತ್ತಿ ಮೇಲಿನ ಮಾಂಸ ತೆಗೆದು, ಬಾಲ ಹಿಡಿದು ನಡುಮುಳ್ಳು ಎತ್ತಿದರೆ ಇಡಿಯಾಗಿ ಬರುತ್ತದೆ. ಬೂತಾಯಿಗೆ ಚಮಚ ಬೇಡವೇ ಬೇಡ, ಸಣ್ಣ ಮುಳ್ಳು ತಿಳಿಯುವುದು ಬೆರಳಿಗೆ ಮಾತ್ರ.

[ತೆರೆಯ ಮೇಲೆ: ನಾಲಿಗೆ ಚುರುಗುಟ್ಟಿದರೆ ನಿಲ್ಲಿಸಿ]

ಇದೊಂದನ್ನು ಗಮನವಿಟ್ಟು ಕೇಳಿ. ಬಂಗುಡೆ, ಬೂತಾಯಿ, ಕೇದಾರೆ (ಟ್ಯೂನಾ) ಐಸಿಲ್ಲದೆ ಬೆಚ್ಚಗೆ ಉಳಿದರೆ ಬ್ಯಾಕ್ಟೀರಿಯಾ ಅವುಗಳಲ್ಲಿ ಹಿಸ್ಟಮಿನ್ ಅನ್ನುವ ರಾಸಾಯನಿಕ ಉಂಟುಮಾಡುತ್ತವೆ. ಹುರಿದರೂ ಕುದಿಸಿದರೂ ಅದು ಹೋಗುವುದಿಲ್ಲ. ನಾಲಿಗೆಯಲ್ಲಿ ಚುರುಗುಟ್ಟುವುದು, ಮುಖ ಕೆಂಪಾಗುವುದು, ತುರಿಕೆ, ತಲೆನೋವು ಇದರ ಲಕ್ಷಣ. ಖಾರ ಅಂತ ನೀರು ಕುಡಿದು ಮುಂದುವರಿಯಬೇಡಿ, ತಿನ್ನುವುದು ಬಿಡಿ. ಉಸಿರು ಕಟ್ಟಿದ ಹಾಗಾದರೆ ತಕ್ಷಣ ಆಸ್ಪತ್ರೆಗೆ.

[ದೃಶ್ಯ: ಥರ್ಮೊಕೋಲ್ ಪೆಟ್ಟಿಗೆಗೆ ಐಸು ತುಂಬುವುದು]

ಮನೆಗೂ ಮೀನು ಒಯ್ಯುವವರು ಇದೇ ಕಾರಣಕ್ಕೆ ಐಸಿನಲ್ಲಿ ಜುಗ್ಗತನ ಮಾಡಬಾರದು. ಕಿವಿರು, ಕರುಳು ತೆಗೆಸಿ. ಒಂದು ಕಿಲೋ ಮೀನಿಗೆ ಒಂದು ಕಿಲೋ ಪುಡಿ ಐಸು. ಥರ್ಮೊಕೋಲ್ ಪೆಟ್ಟಿಗೆಯ ತಳಕ್ಕೆ ಐಸು, ಮೇಲೆ ಮೀನು, ಮತ್ತೆ ಐಸು. ಕರಗಿದ ನೀರಲ್ಲಿ ಮೀನು ನೆನೆಯದಂತೆ ತಳದಲ್ಲಿ ಸಣ್ಣ ತೂತು, ಅದರಡಿ ಒಂದು ತಟ್ಟೆ. ಪೆಟ್ಟಿಗೆ ಕಾರಿನೊಳಗೆ ನೆರಳಲ್ಲಿರಲಿ. ಹೊಟ್ಟೆ ತುಂಬಿಸಿಕೊಂಡು ತಕ್ಷಣ ಘಾಟಿ ಹತ್ತಿದರೆ ತಿರುವುಗಳಲ್ಲಿ ತಿಂದದ್ದೆಲ್ಲ ಮೇಲೆ ಬರುತ್ತದೆ, ಮಕ್ಕಳಿದ್ದರಂತೂ ಘಾಟಿ ಬುಡದ ಸೋಮೇಶ್ವರದಲ್ಲಿ ಒಂದರ್ಧ ಗಂಟೆ ನಿಲ್ಲಿ. ಅಲ್ಲೇ ಪೆಟ್ಟಿಗೆ ತೆರೆದು ನೋಡಿ, ಐಸು ಅರ್ಧ ಇಳಿದಿದ್ದರೆ ತೀರ್ಥಹಳ್ಳಿಯಲ್ಲಿ ಮತ್ತೆ ತುಂಬಿಸಿ.