ಅನುಮಾನಕ್ಕೆ ಸಿಗದ ದೇವರು

ಕೇಳುಗರಿಗೆ ನಮಸ್ಕಾರ.

‘ದೇವರ ಬಗ್ಗೆ ನನಗೆ ಅನುಮಾನ ಇದೆ’ ಎಂದು ಯಾರಾದರೂ ಹೇಳಿದರೆ, ಆಸಾಮಿ ನಾಸ್ತಿಕರ ಕಡೆ ವಾಲಿದ್ದಾನೆ ಅಂದುಕೊಳ್ಳುತ್ತೇವೆ. ತರ್ಕಶಾಸ್ತ್ರದವರ ಬಾಯಲ್ಲಿ ಅದೇ ಮಾತು ತಿರುವುಮುರುವಾಗುತ್ತದೆ. ಹೊಗೆ ಕಂಡು ಬೆಂಕಿಯಿದೆ ಎಂದು ಗೊತ್ತುಮಾಡಿಕೊಳ್ಳುವುದೇ ಅವರ ಅನುಮಾನ. ಸುಮಾರು 1000 ವರ್ಷಗಳ ಹಿಂದೆ ನೈಯಾಯಿಕ, ಅಂದರೆ ನ್ಯಾಯದರ್ಶನದ ಪಂಡಿತ, ಉದಯನಾಚಾರ್ಯರು ದೇವರನ್ನು ಸಾಧಿಸಹೊರಟದ್ದು ಈ ಅನುಮಾನದಿಂದಲೇ.

ಅವರ ವಾದದ ನಡುವೆ ಒಂದು ಮಡಕೆಯಿದೆ. ಮಡಕೆಯ ಒಳಮೈಯನ್ನು ಸವರಿ ನೋಡಿ. ಬೆರಳು ಎಳೆದ ಗೆರೆಗಳು ಸುತ್ತಿ ಸುತ್ತಿ ಮೇಲೇರಿರುತ್ತವೆ. ಕುಂಬಾರ ಎದುರಿಗಿಲ್ಲದಿದ್ದರೂ ಒಬ್ಬ ಇದ್ದ ಅನ್ನುವುದರಲ್ಲಿ ತಕರಾರಿಲ್ಲ. ಭೂಮಿಯೂ ಉಂಟಾದ ವಸ್ತು, ಉಂಟಾದದ್ದಕ್ಕೆಲ್ಲ ಕರ್ತೃ ಬೇಕು, ಆ ಕರ್ತೃವೇ ಈಶ್ವರ.

ಇಂಥ ವಾದವನ್ನು ಬೌದ್ಧರೂ ಜೈನರೂ ಜಗ್ಗಾಡಿದರು, ಅದು ಸಹಜ. ನನಗೆ ಸೋಜಿಗವೆನಿಸುವುದು ರಾಮಾನುಜಾಚಾರ್ಯರು. ನಾರಾಯಣನಿಗೆ ಬದುಕನ್ನೇ ಒಪ್ಪಿಸಿದ ಅವರು ಬ್ರಹ್ಮಸೂತ್ರದ ಭಾಷ್ಯದಲ್ಲಿ ಕೇಳುವ ಪ್ರಶ್ನೆಗಳನ್ನು ನೋಡಿ. ಕರ್ತೃ ಒಬ್ಬನೇ ಎಂದು ಹೇಗೆ ಗೊತ್ತು? ದೊಡ್ಡ ಕಟ್ಟಡಗಳನ್ನು ಹಲವರು ಸೇರಿ ಕಟ್ಟುವುದಿಲ್ಲವೇ? ಎಲ್ಲವೂ ಒಂದೇ ಸಲಕ್ಕೆ ಹುಟ್ಟಿತೆನ್ನಲು ಏನು ಆಧಾರ? ನಾವು ಕಂಡ ಕರ್ತೃಗಳಿಗೆಲ್ಲ ಮೈಯಿದೆ, ಹಾಗಾದರೆ ಇವನಿಗೆ? ದೇವರನ್ನು ಶಾಸ್ತ್ರದಿಂದ ತಿಳಿಯಬೇಕು, ಅನುಮಾನಕ್ಕೆ ಅವನು ಸಿಗುವುದಿಲ್ಲ ಎಂಬುದು ಅವರ ನಿಲುವು. ವಾದ ಬಿತ್ತು, ಭಕ್ತಿ ಕದಲಲಿಲ್ಲ. ಪುರಾವೆ ಸಾಲದು ಅನ್ನುವುದೇ ಬೇರೆ, ನಂಬಿಕೆ ತರ್ಕಕ್ಕೆ ವಿರುದ್ಧ ಅನ್ನುವುದೇ ಬೇರೆ. ನಮ್ಮ ಜಗಳಗಳಲ್ಲಿ ಇವೆರಡೂ ಕಲಸಿಹೋಗುತ್ತವೆ.

ತಾನೇ ಎತ್ತಲಾರದ ಬಂಡೆಯನ್ನು ದೇವರು ಸೃಷ್ಟಿಸಬಲ್ಲನೇ ಎಂಬ ಒಗಟನ್ನು ಬದಿಗಿಡೋಣ. ನಿಜಕ್ಕೂ ಚುಚ್ಚುವುದು ಹಸುಳೆಯ ನರಳಾಟ. ಸರ್ವಶಕ್ತ, ದಯಾಮಯ, ಆದರೂ ಇದೇಕೆ? ಇಂಥ ದೇವರೂ ಕೆಡುಕೂ ಒಟ್ಟಿಗಿರುವುದು ನೇರ ವಿರೋಧವೆಂದು 1955ರಲ್ಲಿ ತತ್ವಜ್ಞಾನಿ ಜೆ. ಎಲ್. ಮ್ಯಾಕಿ ವಾದಿಸಿದರು. ಇನ್ನೊಬ್ಬ ತತ್ವಜ್ಞಾನಿ ಆಲ್ವಿನ್ ಪ್ಲಾಂಟಿಂಗಾ ಮನುಷ್ಯನ ಸ್ವಾತಂತ್ರ್ಯವನ್ನು ಮುಂದಿಟ್ಟು, ಸ್ವಾತಂತ್ರ್ಯವಿದ್ದಲ್ಲಿ ಕೆಡುಕಿಗೂ ಎಡೆಯಿರಬಹುದೆಂದು ಉತ್ತರ ಕೊಟ್ಟರು. ಬರೀ ತರ್ಕದ ಲೆಕ್ಕದಲ್ಲಿ ಪ್ಲಾಂಟಿಂಗಾ ಗೆದ್ದರು ಅಂತ ನನ್ನ ಎಣಿಕೆ. ಮಗುವಿನ ಹಾಸಿಗೆಯ ಪಕ್ಕ ಕೂತವರ ಮುಂದೆ ಆ ಗೆಲುವನ್ನು ಸಾರಲು ಮಾತ್ರ ನನಗೆ ಬಾಯಿ ಬರುವುದಿಲ್ಲ.

ಮಹಾ ತರ್ಕಜ್ಞ ಕರ್ಟ್ ಗೋಡೆಲ್ ಕೂಡ ದೇವರಿದ್ದಾನೆ ಎಂಬುದಕ್ಕೆ ತರ್ಕದ ಒಂದು ಪುರಾವೆ ಬರೆದಿಟ್ಟಿದ್ದರು, ಅಚ್ಚು ಹಾಕಿಸಲಿಲ್ಲ. 2013ರಲ್ಲಿ ಇಬ್ಬರು ಸಂಶೋಧಕರು ಅದನ್ನು ಕಂಪ್ಯೂಟರಿನ ಪರೀಕ್ಷೆಗೆ ಒಡ್ಡಿದರು. ತರ್ಕಜ್ಞ ಡಾನಾ ಸ್ಕಾಟ್ ತಿದ್ದಿದ ರೂಪದಲ್ಲಿ ಹೆಜ್ಜೆಗಳೆಲ್ಲ ಸರಿಯಿದ್ದವು. ಗೋಡೆಲ್ ಅವರ ಸ್ವಂತ ಪ್ರತಿಯಲ್ಲೇ ಯಂತ್ರ ಒಳವಿರೋಧವೊಂದನ್ನು ಹಿಡಿಯಿತು! ಇನ್ನು, ಹೆಜ್ಜೆ ತಪ್ಪದಿದ್ದರೂ ಹೊರಟ ಜಾಗ ಸರಿಯಿತ್ತೇ? ಮೊದಲ ಸೂತ್ರಗಳನ್ನು ಒಪ್ಪಬೇಕೋ ಬೇಡವೋ ಎಂಬುದನ್ನು ಯಂತ್ರ ನಮಗೇ ಬಿಟ್ಟಿತು.

ಉದಯನರ ಬಗ್ಗೆ ಒಂದು ಐತಿಹ್ಯವಿದೆ. ಅವರು ಪುರಿಗೆ ಹೋದಾಗ ಜಗನ್ನಾಥನ ಗುಡಿಯ ಬಾಗಿಲು ಹಾಕಿತ್ತಂತೆ. ಆಚಾರ್ಯರು ಹೊರಗೇ ನಿಂತು ದೇವರನ್ನು ಗದರಿದರಂತೆ: ಐಶ್ವರ್ಯದ ಮದದಲ್ಲಿ ನನ್ನನ್ನು ಕಡೆಗಣಿಸುತ್ತೀಯಾ? ಬೌದ್ಧರು ಎದುರು ಬಂದು ನಿಂತಾಗ ನಿನ್ನ ಇರವು ನನ್ನ ಕೈಯಲ್ಲಿದೆ! ಬಾಗಿಲ ಹಿಂದೆ ಕೇಳಿಸಿಕೊಳ್ಳುವವನು ಇದ್ದಾನೆ ಎನ್ನಲು ಆ ಹೊತ್ತಿನಲ್ಲಿ ಅವರಿಗೆ ಯಾವ ಅನುಮಾನವೂ ಬೇಕಿರಲಿಲ್ಲ.