ಹತ್ತು ಕುರ್ಚಿಯಲ್ಲಿ ಎರಡು ಕುರ್ಚಿ ಅವರಿಗೇ ಕೊಡಿ

ನಮಸ್ಕಾರ. ಎಲ್ಲರೂ ಚೆನ್ನಾಗಿದ್ದೀರಾ? ಇವತ್ತು ಬಿಎಂಟಿಸಿ ಪಾಸ್ ಬಗ್ಗೆ ಮಾತಾಡೋಣ ಅಂತ ಇದ್ದೆ. ಅದು ಮುಂದಿನ ವಾರಕ್ಕೆ ಇರಲಿ. ವಿಕಲಚೇತನರ ಬಗ್ಗೆ ಸರ್ಕಾರಕ್ಕೆ ಸಲಹೆ ಕೊಡುವ ಮಂಡಳಿಯಲ್ಲಿ ಬೌದ್ಧಿಕ ವಿಕಲತೆ ಇರುವವರೂ ಕೂರಬೇಕು ಅಂತ ಹೋದ ವಿಡಿಯೋದಲ್ಲಿ ಹೇಳಿದ್ದೆ. ಅದರ ಕೆಳಗೆ ಒಬ್ಬರು ಒಂದು ಮಾತು ಬರೆದಿದ್ದಾರೆ. ಓದುತ್ತೇನೆ, ಕೇಳಿ.

"ಮೇಡಂ, ನಿಮ್ಮ ಕಾಳಜಿ ಒಳ್ಳೆಯದೇ. ಆದರೆ ಬುದ್ಧಿ ಬೆಳೆಯದವರನ್ನ ಸರ್ಕಾರದ ಮಂಡಳಿಗೆ ಹಾಕಿ ಏನು ಪ್ರಯೋಜನ? ಪಾಪ, ಅವರಿಗೆ ಏನು ಅರ್ಥ ಆಗುತ್ತೆ? ಡಾಕ್ಟರು ಇದಾರೆ, ಸಂಸ್ಥೆಯವರು ಇದಾರೆ. ಅವರು ನೋಡ್ಕೋತಾರೆ ಬಿಡಿ."

ಇದಕ್ಕೆ ಎಷ್ಟು ಲೈಕ್ ಬಿದ್ದಿವೆ ಅಂತ ನೋಡಿ ಮೈ ಉರಿಯಿತು. ಬೈದು ಬರೆದಿದ್ದರೆ ಅಳಿಸಿ ಸುಮ್ಮನಾಗುತ್ತಿದ್ದೆ. ಇವರು ಬೈದಿಲ್ಲ. ತುಂಬಾ ಮರ್ಯಾದೆಯಿಂದ, ತುಂಬಾ ಪ್ರೀತಿಯಿಂದ ಬಾಗಿಲು ಹಾಕಿದ್ದಾರೆ. ನನ್ನ ತಮ್ಮ ಹುಟ್ಟಿದಾಗಿನಿಂದ ಇಂಥ ಪ್ರೀತಿಯನ್ನು ನಮ್ಮ ಮನೆ ನೋಡುತ್ತಾ ಬಂದಿದೆ.

ಹೊಸದಾಗಿ ಬಂದವರಿಗೆ ಹೇಳಿಬಿಡುತ್ತೇನೆ. ನನ್ನ ತಮ್ಮನಿಗೆ ಡೌನ್ ಸಿಂಡ್ರೋಮ್ ಇದೆ. ಹುಟ್ಟಿನಿಂದಲೇ ಬರುವ, ಕಲಿಕೆ ನಿಧಾನವಾಗುವ ಸ್ಥಿತಿ ಅದು. ದೊಡ್ಡವನಾಗಿದ್ದಾನೆ, ಕೆಲಸಕ್ಕೆ ಹೋಗುತ್ತಾನೆ. ಈ ಚಾನೆಲ್‌ನ ಮೊದಲ ವೀಕ್ಷಕ ಅವನೇ. ಇದನ್ನೂ ನೋಡುತ್ತಾನೆ. ಆ ಕಾಮೆಂಟನ್ನೂ ಅವನು ಓದಿದ್ದಾನೆ. ಬರೆದವರೇ, ಅವನಿಗೆ ಅದು ಚೆನ್ನಾಗಿಯೇ ಅರ್ಥವಾಗಿದೆ.

ಈಗ ವಿಷಯಕ್ಕೆ ಬರುತ್ತೇನೆ. ವಿಕಲಚೇತನರ ಹಕ್ಕುಗಳ ಕಾಯ್ದೆ 2016ರಲ್ಲಿ ಬಂತು. 2017ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ಅದರ 66ನೇ ಸೆಕ್ಷನ್ ಪ್ರಕಾರ ಪ್ರತಿ ರಾಜ್ಯದಲ್ಲೂ ಒಂದು ರಾಜ್ಯ ಸಲಹಾ ಮಂಡಳಿ ಇರಬೇಕು. ವಿಕಲಚೇತನರಿಗಾಗಿ ಸರ್ಕಾರ ಏನು ಮಾಡಬೇಕು, ಯಾವ ನೀತಿ ಬೇಕು, ಇರುವ ಯೋಜನೆ ಸರಿಯಾಗಿ ನಡೆಯುತ್ತಿದೆಯಾ ಅಂತ ನೋಡಿ ಹೇಳುವ ಮಂಡಳಿ ಅದು. ಇಲಾಖೆಯ ಸಚಿವರು ಅಧ್ಯಕ್ಷರು. ಬೇರೆ ಬೇರೆ ಇಲಾಖೆಗಳ ಕಾರ್ಯದರ್ಶಿಗಳು ಇರುತ್ತಾರೆ. ನಮ್ಮಂತೆ ಪರಿಷತ್ತು ಇರುವ ರಾಜ್ಯದಲ್ಲಿ ವಿಧಾನಸಭೆಯಿಂದ ಇಬ್ಬರು, ಪರಿಷತ್ತಿನಿಂದ ಒಬ್ಬರು. ಆಮೇಲೆ ಸರ್ಕಾರ ನಾಮನಿರ್ದೇಶನ ಮಾಡುವವರು: ಐದು ಜನ ತಜ್ಞರು, ಸರದಿಯ ಮೇಲೆ ಜಿಲ್ಲೆಗಳಿಂದ ಐದು ಜನ, ವ್ಯಾಪಾರಿಗಳು, ಉದ್ಯಮಿಗಳ ಸಂಘವಾದ ರಾಜ್ಯ ವಾಣಿಜ್ಯ ಮತ್ತು ಕೈಗಾರಿಕಾ ಮಂಡಳಿಯಿಂದ ಮೂರು ಜನರವರೆಗೆ. ಇವರ ಜೊತೆಗೆ, ವಿಕಲಚೇತನರ ಸಂಘ ಸಂಸ್ಥೆಗಳ ಪರವಾಗಿ ಹತ್ತು ಜನ. ಆ ಹತ್ತು ಜನ ಸಾಧ್ಯವಾದಷ್ಟು ಮಟ್ಟಿಗೆ ವಿಕಲಚೇತನರೇ ಆಗಿರಬೇಕು. ಹತ್ತರಲ್ಲಿ ಕನಿಷ್ಠ ಐದು ಜನ ಹೆಂಗಸರು. ಪರಿಶಿಷ್ಟ ಜಾತಿಯಿಂದ ಕನಿಷ್ಠ ಒಬ್ಬರು, ಪರಿಶಿಷ್ಟ ಪಂಗಡದಿಂದ ಕನಿಷ್ಠ ಒಬ್ಬರು.

ಒಳ್ಳೆಯ ನಿಯಮ. ಯಾರೂ ಬಿಟ್ಟುಹೋಗಬಾರದು ಅಂತ ಕುಳಿತು ಯೋಚನೆ ಮಾಡಿ ಬರೆದಿದ್ದಾರೆ. ಆದರೆ ಇದೇ ಕಾಯ್ದೆ 21 ಬಗೆಯ ವಿಕಲತೆಗಳನ್ನು ಗುರುತಿಸುತ್ತದೆ. ಬೇರೆಯವರೊಂದಿಗೆ ಬೆರೆಯಲು, ಮಾತಾಡಲು ಕಷ್ಟವಾಗುವ ಆಟಿಸಂ ಇದೆ, ಕಲಿಯಲು, ಅರ್ಥ ಮಾಡಿಕೊಳ್ಳಲು ಹೆಚ್ಚು ಸಮಯ ಬೇಕಾಗುವ ಬೌದ್ಧಿಕ ವಿಕಲತೆ ಇದೆ, ಮಿದುಳಿನ ತೊಂದರೆಯಿಂದ ಕೈಕಾಲು ಹಿಡಿತಕ್ಕೆ ಸಿಗದ ಸೆರೆಬ್ರಲ್ ಪಾಲ್ಸಿ ಇದೆ. ಹತ್ತು ಕುರ್ಚಿಯಲ್ಲಿ ಇವರಿಗೆ ಒಂದಾದರೂ ಇರಲೇಬೇಕು ಅಂತ ಎಲ್ಲಿದೆ? ಎಲ್ಲೂ ಇಲ್ಲ. ವಾಣಿಜ್ಯ ಮಂಡಳಿಯವರ ಕುರ್ಚಿಗೆ ಕಾನೂನಿನಲ್ಲಿ ಹೆಸರು ಬರೆದಿದೆ. ನನ್ನ ತಮ್ಮನಂಥವರ ಕುರ್ಚಿಗೆ ಬರೆದಿಲ್ಲ.

ನಾನು ಕೇಳುವುದು ಇಷ್ಟೇ. ಹತ್ತು ಕುರ್ಚಿಯಲ್ಲಿ ಎರಡು ಕುರ್ಚಿ ಅವರಿಗೇ ಕೊಡಿ. ಅವರ ಡಾಕ್ಟರಿಗಲ್ಲ, ಅವರ ಹೆಸರಿನಲ್ಲಿ ಸಂಸ್ಥೆ ನಡೆಸುವವರಿಗಲ್ಲ. ಅವರಿಗೇ.

ಇದಕ್ಕೆ ಕಾಯ್ದೆ ತಿದ್ದಬೇಕಾಗಿಲ್ಲ. ದೆಹಲಿಗೆ ಹೋಗಬೇಕಾಗಿಲ್ಲ. ನಾಮನಿರ್ದೇಶನ ಮಾಡುವುದು ರಾಜ್ಯ ಸರ್ಕಾರ. ಮುಂದಿನ ಪಟ್ಟಿ ಮಾಡುವಾಗ ಎರಡು ಹೆಸರು ಬರೆದರೆ ಆಯಿತು. ಕೆಲಸ ಮುಗಿಯಿತು.

"ಆದರೆ ಮೇಡಂ, ಕಾನೂನು ಒಪ್ಪುವುದಿಲ್ಲವಂತೆ" ಅಂತ ಕೆಲವರು. ಯಾರು ಹೇಳಿದ್ದು? ಅದೇ ಕಾಯ್ದೆಯ 68ನೇ ಸೆಕ್ಷನ್ ತೆಗೆದು ನೋಡಿ. ಯಾರು ಸದಸ್ಯರಾಗಬಾರದು ಅಂತ ಅಲ್ಲಿ ಇದೆ. ಮಾನಸಿಕ ಸ್ವಾಸ್ಥ್ಯ ಇಲ್ಲ ಅಂತ ಕೋರ್ಟೇ ಘೋಷಿಸಿರಬೇಕು. ಬುದ್ಧಿ, ಮನಸ್ಸಿನ ವಿಷಯಕ್ಕೆ ಬಂದರೆ ಆಗ ಮಾತ್ರ ಅಡ್ಡಿ. ಡೌನ್ ಸಿಂಡ್ರೋಮ್ ಇದ್ದರೆ ಆಗುವುದಿಲ್ಲ, ಆಟಿಸಂ ಇದ್ದರೆ ಆಗುವುದಿಲ್ಲ ಅಂತ ಒಂದು ಅಕ್ಷರವೂ ಇಲ್ಲ. ಕಾನೂನು ಹಾಕದ ಬೀಗವನ್ನು ನಾವೇ ಹಾಕಿಕೊಂಡು ಕೂತಿದ್ದೇವೆ.

"ಅವರಿಗೆ ಅರ್ಥ ಆಗುವುದಿಲ್ಲ" ಅನ್ನುವುದಕ್ಕೆ ಬರುತ್ತೇನೆ. ನಮ್ಮ ಏರಿಯಾದಲ್ಲಿ ವೈಟ್ ಟಾಪಿಂಗ್, ಅಂದರೆ ರಸ್ತೆಗೆ ಕಾಂಕ್ರೀಟ್ ಹಾಕುವ ಕೆಲಸ ಶುರುವಾಯಿತು. ಬಸ್ ಸ್ಟಾಪ್ ಅನ್ನು ಸುಮ್ನೆ ಮುಂದಕ್ಕೆ ತಳ್ಳಿದರು. ಒಂದು ಬೋರ್ಡ್ ಇಲ್ಲ, ಏನಿಲ್ಲ. ತಮ್ಮ ಹಳೆಯ ಜಾಗದಲ್ಲೇ ನಿಂತಿದ್ದಾನೆ. ಬಸ್ಸುಗಳು ಮುಂದೆ ಹೋಗುತ್ತಲೇ ಇವೆ. ಬಿಸಿಲಲ್ಲಿ ನಿಂತು ನಿಂತು ಕೊನೆಗೆ ನನಗೆ ಫೋನ್ ಮಾಡಿದ. ಮನೆಗೆ ಬಂದಮೇಲೆ ಅವನು ಹೇಳಿದ್ದು ಕೇಳಿ: "ಅಕ್ಕಾ, ಬಸ್ ಚಿತ್ರ ಹಾಕಿ, ಮುಂದೆ ಹೋಗಿ ಅಂತ ಬಾಣ ಹಾಕಿದ್ರೆ ನಾನೇ ಹೋಗ್ತಿದ್ದೆ."

ಬಸ್ ಚಿತ್ರ. ಒಂದು ಬಾಣ. ಇದಕ್ಕೆ ಎಷ್ಟು ಖರ್ಚು? ಇದು ಅವನಿಗೆ ಮಾತ್ರ ಬೇಕಾದದ್ದಾ? ಕನ್ನಡ ಓದಲು ಬಾರದವರಿಗೆ ಬೇಡವಾ? ಕಣ್ಣು ಮಂಜಾದ ಅಜ್ಜಿಗೆ ಬೇಡವಾ? ರಸ್ತೆ ಅಗೆಯುವ ಟೆಂಡರ್ ಬರೆದವರಿಗೆ ಇದು ಹೊಳೆಯಲಿಲ್ಲ. ನನಗೂ ಹೊಳೆದಿರಲಿಲ್ಲ. ಬಿಸಿಲಲ್ಲಿ ನಿಂತವನಿಗೆ ಹೊಳೆಯಿತು. ಸಲಹಾ ಮಂಡಳಿಯಲ್ಲಿ ಬೇಕಾದದ್ದು ಇಂಥ ಸಲಹೆಯೇ ಅಲ್ವಾ? ಅದಕ್ಕೇ ಹೇಳುವುದು, ಎರಡು ಕುರ್ಚಿ ಅವರಿಗೇ ಕೊಡಿ!

ಇನ್ನು ಮೀಟಿಂಗಿನ ಕಾಗದ ಪತ್ರ. ದಪ್ಪ ಫೈಲು, ಉದ್ದುದ್ದ ವಾಕ್ಯ, ಸುತ್ತೋಲೆ ನಂಬರು, ಅದರ ಕೆಳಗೆ ಇನ್ನೊಂದು ಸುತ್ತೋಲೆ ನಂಬರು. ಅದು ಯಾರಿಗೆ ಅರ್ಥ ಆಗುತ್ತದೆ ಹೇಳಿ? ಮೊದಲೇ ಚಿಕ್ಕ ವಾಕ್ಯಗಳಲ್ಲಿ, ಚಿತ್ರ ಹಾಕಿ, ದೊಡ್ಡ ಅಕ್ಷರದಲ್ಲಿ ಎರಡು ಪುಟ ಮಾಡಿಕೊಡಿ. ಬೇರೆ ದೇಶಗಳಲ್ಲಿ ಹಾಗೆ ಮಾಡುತ್ತಾರೆ. ಜೊತೆಗೆ ಅವರು ನಂಬುವ ಒಬ್ಬರು ಪಕ್ಕದಲ್ಲಿ ಕೂರಲಿ. ಮಧ್ಯೆ ಸ್ವಲ್ಪ ಬಿಡುವು ಕೊಡಿ. ಮಾತು ಬಾರದವರು ಟ್ಯಾಬ್‌ನಲ್ಲಿ ಟೈಪ್ ಮಾಡಿ ಹೇಳುತ್ತಾರೆ, ಚಿತ್ರದ ಹಲಗೆ ತೋರಿಸಿ ಹೇಳುತ್ತಾರೆ. ಅದಕ್ಕೂ ಸಮಯ ಕೊಡಿ. ಮೀಟಿಂಗಿನಲ್ಲಿ ನಿದ್ದೆ ಮಾಡುವವರಿಗೆ ಸೀಟಿಲ್ಲ ಅಂತ ಒಂದು ರೂಲ್ ಬಂದರೆ ಎಷ್ಟು ಮಂಡಳಿಗಳು ಖಾಲಿ ಆಗುತ್ತವೋ! ಆ ಪರೀಕ್ಷೆ ಬೇರೆ ಯಾರಿಗೂ ಇಲ್ಲ. ಇವರಿಗೆ ಮಾತ್ರ ಬುದ್ಧಿಯ ಪರೀಕ್ಷೆ.

ನ್ಯೂಜಿಲೆಂಡಿನಲ್ಲಿ ರಾಬರ್ಟ್ ಮಾರ್ಟಿನ್ ಅಂತ ಒಬ್ಬರಿದ್ದರು. ಬೌದ್ಧಿಕ ವಿಕಲತೆ ಇದ್ದವರು. ಕೂಸಾಗಿದ್ದಾಗಲೇ ಅವರನ್ನು ಒಂದು ದೊಡ್ಡ ಸಂಸ್ಥೆಗೆ ಸೇರಿಸಿದ್ದರು. ಬಾಲ್ಯ ಅಂಥ ಕಡೆಗಳಲ್ಲೇ ಕಳೆಯಿತು. ಅದೇ ಮನುಷ್ಯ 2016ರಲ್ಲಿ ವಿಶ್ವಸಂಸ್ಥೆಯ ವಿಕಲಚೇತನರ ಹಕ್ಕುಗಳ ಸಮಿತಿಗೆ ಆಯ್ಕೆಯಾದರು. ದೇಶ ದೇಶಗಳು ಓಟು ಹಾಕಿ ಆರಿಸಿದ್ದು. ಸರ್ಕಾರಗಳು ಬಂದು ಲೆಕ್ಕ ಒಪ್ಪಿಸುವ ಸಮಿತಿ ಅದು. ಅಲ್ಲಿ ಕೂತು ಪ್ರಶ್ನೆ ಕೇಳಿದರು. 2024ರಲ್ಲಿ ತೀರಿಕೊಂಡರು. ವಿಶ್ವಸಂಸ್ಥೆಯಲ್ಲಿ ಕೂರಬಹುದು, ವಿಕಾಸಸೌಧದಲ್ಲಿ ಕೂರಬಾರದಾ?

ಅಮೆರಿಕದ ವಿಷಯವನ್ನೂ ಹೇಳಿಬಿಡುತ್ತೇನೆ. ಅಲ್ಲಿ ಇಂಥ ವಿಕಲತೆಗಳಿಗೆಂದೇ ಪ್ರತಿ ರಾಜ್ಯದಲ್ಲೂ ಒಂದು ಕೌನ್ಸಿಲ್ ಇದೆ. 1970ರ ಕಾನೂನಿನಿಂದ ಶುರುವಾದದ್ದು. ಸದಸ್ಯರನ್ನು ನೇಮಿಸುವವರು ಗವರ್ನರ್. ಆದರೆ ಅವರಿಗೆ ಬೇಕಾದವರನ್ನೆಲ್ಲ ತುಂಬುವ ಹಾಗಿಲ್ಲ. ನೂರಕ್ಕೆ ಕನಿಷ್ಠ 60 ಸದಸ್ಯರು ವಿಕಲತೆ ಇರುವವರು ಅಥವಾ ಅವರ ಮನೆಯವರು ಆಗಿರಬೇಕು. ಆ ಭಾಗವನ್ನು ಮತ್ತೆ ಮೂರು ಪಾಲು ಮಾಡಿದ್ದಾರೆ. ಒಂದು ಪಾಲು ಸ್ವತಃ ವಿಕಲತೆ ಇರುವವರಿಗೇ. ಒಂದು ಪಾಲು ಅಪ್ಪ ಅಮ್ಮ, ಪೋಷಕರಿಗೆ. ಉಳಿದದ್ದರಲ್ಲಿ ಇಬ್ಬರೂ ಇರಬಹುದು. ಸಂಸ್ಥೆಯಲ್ಲಿ ಇರುವ ಅಥವಾ ಹಿಂದೆ ಇದ್ದ ಒಬ್ಬರು, ಇಲ್ಲವೇ ಅಂಥವರ ಹತ್ತಿರದ ಸಂಬಂಧಿ, ಕನಿಷ್ಠ ಒಬ್ಬರು ಇರಲೇಬೇಕು. ಈ ಕಾನೂನಿನ ದುಡ್ಡು ಪಡೆಯುವ ಸರ್ಕಾರಿ ಇಲಾಖೆಯ ನೌಕರರು, ಅಂಥ ದುಡ್ಡು ಪಡೆಯುವ ಬೇರೆ ಸಂಸ್ಥೆಗಳನ್ನು ನಡೆಸುವ ಹುದ್ದೆಯಲ್ಲಿ ಇರುವವರು ಈ ಲೆಕ್ಕದಲ್ಲಿ ಬರುವ ಹಾಗಿಲ್ಲ. ದುಡ್ಡು ತೆಗೆದುಕೊಳ್ಳುವವರೇ ಸಲಹೆ ಕೊಡುವವರಾಗಬಾರದು ಅಂತ.

ತಕ್ಷಣ ಬರುತ್ತಾರೆ ನೋಡಿ, "ಅಮೆರಿಕ ಬೇರೆ, ನಮ್ಮ ದೇಶ ಬೇರೆ." ಬೇರೆ ಅಂದರೆ? ನಮ್ಮ ಕಾನೂನೇ ಇನ್ನೊಂದು ಕಡೆ ಇದನ್ನು ಒಪ್ಪಿದೆ. ಸರ್ಕಾರಿ ಕೆಲಸದಲ್ಲಿ ವಿಕಲಚೇತನರಿಗೆ 4% ಮೀಸಲಾತಿ. ಅದರಲ್ಲಿ ದೃಷ್ಟಿದೋಷ ಇರುವವರಿಗೆ 1%, ಶ್ರವಣದೋಷ ಇರುವವರಿಗೆ 1%, ಕೈಕಾಲು ಚಲನೆಯ ತೊಂದರೆ ಇರುವವರಿಗೆ 1%. ಸೆರೆಬ್ರಲ್ ಪಾಲ್ಸಿ ಇದರಲ್ಲೇ ಬರುತ್ತದೆ. ಕೊನೆಯ 1% ಆಟಿಸಂ, ಬೌದ್ಧಿಕ ವಿಕಲತೆ, ಕಲಿಕಾ ವಿಕಲತೆ, ಮಾನಸಿಕ ಕಾಯಿಲೆ, ಬಹುವಿಕಲತೆ ಇರುವವರಿಗೆ. ಯಾಕೆ ಬೇರೆ ಲೆಕ್ಕ ಇಟ್ಟರು? ಇಡದಿದ್ದರೆ ಇವರ ಪಾಲು ಇವರಿಗೆ ಸಿಗುವುದಿಲ್ಲ ಅಂತ ಗೊತ್ತಿತ್ತು. ಕೆಲಸದಲ್ಲಿ ಗೊತ್ತಾದದ್ದು ಮಂಡಳಿಯಲ್ಲಿ ಯಾಕೆ ಗೊತ್ತಾಗುವುದಿಲ್ಲ?

ಕಣ್ಣು ಕಾಣದ, ಕಿವಿ ಕೇಳದ, ಗಾಲಿಕುರ್ಚಿಯಲ್ಲಿ ಓಡಾಡುವ ಗೆಳೆಯರೇ, ನಿಮ್ಮ ಕುರ್ಚಿ ಕಿತ್ತುಕೊಳ್ಳಬೇಕು ಅಂತ ನಾನು ಹೇಳುತ್ತಿಲ್ಲ. ನೀವು ದಶಕಗಳ ಕಾಲ ಬೀದಿಯಲ್ಲಿ ಹೋರಾಡಿ ಪಡೆದ ಜಾಗ ಅದು. ನೀವೇ ಮೊದಲು ಈ ಮಾತು ಎತ್ತಿದರೆ ಬೇಗ ಆಗುತ್ತದೆ.

ಹೆತ್ತವರಿಗೂ ಒಂದು ಮಾತು. "ನಾವು ಇದ್ದೀವಲ್ಲ, ನಾವೇ ಹೇಳ್ತೀವಿ" ಅನ್ನುತ್ತೀರಿ. ನೀವು ಇರಬೇಕು, ಖಂಡಿತ ಇರಬೇಕು. ಪೂರ್ತಿ ಆರೈಕೆ ಬೇಕಾದ, ಯಾವ ರೀತಿಯಲ್ಲೂ ಹೇಳಿಕೊಳ್ಳಲು ಆಗದ ಮಕ್ಕಳ ಪರವಾಗಿ ಇನ್ಯಾರು ಮಾತಾಡಬೇಕು? ಆದರೆ ನಮ್ಮಮ್ಮನನ್ನು ಕೇಳಿ, ಮಗನಿಗೆ ಏನು ಬೇಕು ಅಂತ. "ಜೋಪಾನವಾಗಿ ಇರಬೇಕು" ಅನ್ನುತ್ತಾಳೆ. ಅವನನ್ನು ಕೇಳಿ. "ಒಬ್ಬನೇ ಮೆಜೆಸ್ಟಿಕ್‌ಗೆ ಹೋಗಬೇಕು" ಅನ್ನುತ್ತಾನೆ. ಎರಡೂ ನಿಜ. ಮಂಡಳಿಯ ತನಕ ಹೋಗುವುದು ಒಂದೇ. ಮದುವೆ ಮಾತುಕತೆಗೆ ಚಿಕ್ಕಪ್ಪ, ಸೋದರಮಾವ, ಪಕ್ಕದ ಮನೆಯವರು ಎಲ್ಲರೂ ಜಮಖಾನೆ ಮೇಲೆ ಕೂತು, ಹುಡುಗಿಯನ್ನು ಮಾತ್ರ ಒಳಗೆ ಕೂರಿಸುತ್ತಿದ್ದರಲ್ಲ, ಹಾಗಾಯಿತು ಇದು.

"ಒಬ್ಬರನ್ನು ಹಾಕಿ ಫೋಟೋ ತೆಗೆಸಿ ಬಿಡುತ್ತಾರೆ ಅಷ್ಟೇ" ಅಂತಲೂ ಒಬ್ಬರು ಬರೆದಿದ್ದಾರೆ. ಅದಕ್ಕೇ ನಾನು ಎರಡು ಅಂತ ಹೇಳುತ್ತಿರುವುದು! ಒಬ್ಬರಾದರೆ ಹೆದರುತ್ತಾರೆ. ಇಬ್ಬರಾದರೆ ಒಬ್ಬರ ಮುಖ ಒಬ್ಬರು ನೋಡಿಕೊಂಡು ಮಾತಾಡುತ್ತಾರೆ. ಎರಡು ಕುರ್ಚಿ. ಒಂದಲ್ಲ, ಎರಡು.

ಫೋಟೋ ಅಂದಮೇಲೆ ನೆನಪಾಯಿತು. ಡಿಸೆಂಬರ್ 3, ವಿಶ್ವ ವಿಕಲಚೇತನರ ದಿನ. ಆ ದಿನ ಇವರೆಲ್ಲ ಬೇಕು. ಬೆಳಿಗ್ಗೆಯೇ ಮೇಕಪ್ ಹಾಕಿ ಕರೆದುಕೊಂಡು ಹೋಗುತ್ತಾರೆ. ಕುಣಿಸುತ್ತಾರೆ. ಗಣ್ಯರಿಗೆ ಹೂಗುಚ್ಛ ಕೊಡಿಸುತ್ತಾರೆ. ಕೊಟ್ಟಮೇಲೆ "ಕೆಳಗೆ ಹೋಗಪ್ಪಾ, ಕೆಳಗೆ ಹೋಗು" ಅಂತ ವೇದಿಕೆಯಿಂದ ಇಳಿಸುತ್ತಾರೆ. ಆಮೇಲೆ ಮೇಲೆ ಕೂತವರ ಭಾಷಣ, ಇವರ ಬಗ್ಗೆಯೇ. ನನ್ನ ತಮ್ಮ ಈಗ ಹೋಗುವುದಿಲ್ಲ. ನಾನು ಬೇಡ ಅನ್ನಲಿಲ್ಲ, ಅವನೇ ಬೇಡ ಅಂದ. ಕುಣಿಯಲು ಕರೆಯುತ್ತೀರಿ, ಕೂರಲು ಕರೆಯುವುದಿಲ್ಲ. ನನ್ನ ಸಿಟ್ಟು ಇದೇ! ಎರಡು ಕುರ್ಚಿ ಕೊಡಿ ಅಂದರೆ ಇಷ್ಟು ಹೊತ್ತು ವಾದ ಮಾಡಬೇಕಾ?

ಇಷ್ಟು ಹೊತ್ತು ಕೇಳಿದ್ದೀರಿ ಅಂದರೆ ಈ ವಿಷಯ ನಿಮಗೂ ಬೇಕು. ಚಾನೆಲ್ ಸಬ್‌ಸ್ಕ್ರೈಬ್ ಮಾಡಿ. ಮನೆಯ ವಾಟ್ಸಾಪ್ ಗ್ರೂಪಿಗೆ ಹಾಕಿ, ಅಪಾರ್ಟ್‌ಮೆಂಟ್ ಗ್ರೂಪಿಗೂ ಹಾಕಿ. ಎರಡು ವಾರ ಬಿಟ್ಟು ನ್ಯಾಷನಲ್ ಟ್ರಸ್ಟ್ ಬಗ್ಗೆ, ಅಂದರೆ ಆಟಿಸಂ, ಬೌದ್ಧಿಕ ವಿಕಲತೆಯಂಥವು ಇರುವವರಿಗಾಗಿ ಇರುವ ಕೇಂದ್ರ ಸರ್ಕಾರದ ಸಂಸ್ಥೆಯ ಬಗ್ಗೆ, ವಿಡಿಯೋ ಬರುತ್ತದೆ. 18 ತುಂಬಿದಮೇಲೆ ಗಾರ್ಡಿಯನ್‌ಶಿಪ್, ಅಂದರೆ ಕಾನೂನಿನ ಪಾಲಕತ್ವ, ಹೇಗೆ, ನಿರಾಮಯ ಆರೋಗ್ಯ ವಿಮೆಗೆ ಅರ್ಜಿ ಹೇಗೆ, ಎಲ್ಲ ಹೇಳುತ್ತೇನೆ. ತುಂಬಾ ಅಪ್ಪ ಅಮ್ಮಂದಿರು ಕೇಳುತ್ತಿದ್ದೀರಿ. ಬೆಲ್ ಒತ್ತಿ ಇಟ್ಟುಕೊಳ್ಳಿ, ತಪ್ಪಿಹೋಗುವುದಿಲ್ಲ.

ಕಾಮೆಂಟ್ ಬರೆದವರೇ, ನಿಮ್ಮನ್ನು ಬ್ಲಾಕ್ ಮಾಡಿಲ್ಲ. ಭಾನುವಾರ ಸಂಜೆ ಲೈವ್ ಇದೆ. ನನ್ನ ತಮ್ಮನೂ ಇರುತ್ತಾನೆ. ಅವನ ಹತ್ತಿರವೇ ಕೇಳಿ, ಏನು ಅರ್ಥ ಆಗುತ್ತದೆ ಅಂತ.

ಉಳಿದವರಿಗೆ ಒಂದು ಕೆಲಸ. ಮಾಹಿತಿ ಹಕ್ಕಿನಲ್ಲಿ ಒಂದು ಅರ್ಜಿ ಹಾಕಿ. 10 ರೂಪಾಯಿ ಅಷ್ಟೇ. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ ಇರಬೇಕು. ವಿಳಾಸ, ವಿಕಲಚೇತನರ ಮತ್ತು ಹಿರಿಯ ನಾಗರಿಕರ ಸಬಲೀಕರಣ ಇಲಾಖೆಯ ಸಾರ್ವಜನಿಕ ಮಾಹಿತಿ ಅಧಿಕಾರಿ. ಹೀಗೆ ಕೇಳಿ: ರಾಜ್ಯ ಸಲಹಾ ಮಂಡಳಿಯ ಈಗಿನ ಸದಸ್ಯರ ಪಟ್ಟಿ ಕೊಡಿ. ಆ ಹತ್ತು ಸ್ಥಾನಗಳಿಗೆ ನಾಮನಿರ್ದೇಶನ ಮಾಡಿದ ಆದೇಶದ ಪ್ರತಿ ಕೊಡಿ. ಮಂಡಳಿ ಆರು ತಿಂಗಳಿಗೊಮ್ಮೆಯಾದರೂ ಸೇರಬೇಕು ಅಂತ ಕಾಯ್ದೆಯಲ್ಲಿದೆ, ಹಿಂದಿನ ಸಭೆಗಳ ನಡಾವಳಿ ಕೊಡಿ. ಅವರು 30 ದಿನದೊಳಗೆ ಉತ್ತರ ಕೊಡಬೇಕು.

ಅರ್ಜಿಯ ನಮೂನೆ ಕೆಳಗೆ ಹಾಕಿದ್ದೇನೆ. ಉತ್ತರ ಬಂದಮೇಲೆ ನಿಮ್ಮ ಹೆಸರು, ವಿಳಾಸ ಮುಚ್ಚಿ ಫೋಟೋ ಕಳಿಸಿ. ಲೈವ್‌ನಲ್ಲಿ ಒಂದೊಂದನ್ನೇ ಓದುತ್ತೇವೆ. ಓದುವವನು ನನ್ನ ತಮ್ಮ. ಬರುತ್ತೇನೆ, ನಮಸ್ಕಾರ.