ಒಂಬತ್ತು ಗಂಟೆಯ ಲೆಕ್ಕ

ಕೇಳುಗರಿಗೆ ನಮಸ್ಕಾರ.

ಓಟಿನ ದಿನ ಬೆಳಿಗ್ಗೆ ಒಂಬತ್ತೂವರೆ ಆಗುವುದೇ ತಡ, ಊರ ತುಂಬ ಒಂದು ಸುದ್ದಿ ಓಡಾಡುತ್ತದೆ. ರಾಯಚೂರಿನಲ್ಲಿ ಇಷ್ಟು ಪರ್ಸೆಂಟ್, ಕೊಪ್ಪಳದಲ್ಲಿ ಇಷ್ಟು, ಬಳ್ಳಾರಿಯಲ್ಲಿ ಇಷ್ಟು. ಚಹಾದಂಗಡಿ ಮುಂದೆ ನಿಂತವರು ಮೊಬೈಲ್ ನೋಡಿ ಅಲ್ಲೇ ತೀರ್ಪು ಕೊಟ್ಟುಬಿಡುತ್ತಾರೆ. ಲೆಕ್ಕ ಜಾಸ್ತಿ ಇದ್ದರೆ, "ಜನರಿಗೆ ಸಿಟ್ಟು ಬಂದದ, ಈ ಸಲ ಬದಲಾಗ್ತದ." ಕಡಿಮೆ ಇದ್ದರೆ, "ಯಾರಿಗೂ ಮನಸ್ಸಿಲ್ಲ, ಇದ್ದವರೇ ಮತ್ತೆ ಬರ್ತಾರ."

ಆ ಬೆಳಗಿನ ಲೆಕ್ಕ ಬಹಳ ಸಂಗತಿ ಹೇಳುತ್ತದೆ. ಆದರೆ ಯಾರು ಗೆಲ್ಲುತ್ತಾರೆ ಅಂತ ಹೇಳುವುದಿಲ್ಲ. ಯಾರು ಬೂತಿಗೆ ಬಂದಿದ್ದಾರೆ, ಯಾರು ಇನ್ನೂ ಬಂದಿಲ್ಲ, ಅಷ್ಟನ್ನು ಹೇಳುತ್ತದೆ. ನನ್ನ ಮಟ್ಟಿಗೆ ದೊಡ್ಡ ಸುದ್ದಿ ಅದೇ.

ಆ ಸಂಖ್ಯೆ ಎಲ್ಲಿಂದ ಬರುತ್ತದೆ ನೋಡಿ. ಬೂತಿನ ಮುಖ್ಯ ಅಧಿಕಾರಿ, ಅಂದರೆ ಪ್ರಿಸೈಡಿಂಗ್ ಆಫೀಸರ ಮೇಜಿನ ಹತ್ತಿರ ಓಟಿನ ಯಂತ್ರದ ಒಂದು ಭಾಗ, ಕಂಟ್ರೋಲ್ ಯೂನಿಟ್ ಇರುತ್ತದೆ. ಅದರಲ್ಲಿ ಟೋಟಲ್ ಅನ್ನುವ ಗುಂಡಿ ಒತ್ತಿದರೆ ಅಲ್ಲಿಯವರೆಗೆ ಎಷ್ಟು ಓಟು ಬಿದ್ದಿದೆ ಅಂತ ಬರುತ್ತದೆ. ಯಾರಿಗೆ ಬಿದ್ದಿದೆ ಅನ್ನುವುದು ಆ ಗುಂಡಿಗೆ ಗೊತ್ತಾಗುವುದಿಲ್ಲ. ಒಂಬತ್ತಕ್ಕೆ, ಹನ್ನೊಂದಕ್ಕೆ, ಒಂದಕ್ಕೆ, ಮೂರಕ್ಕೆ, ಐದಕ್ಕೆ, ಹೀಗೆ ಎರಡು ತಾಸಿಗೊಮ್ಮೆ ಆ ಸಂಖ್ಯೆ ಮೇಲಿನ ಅಧಿಕಾರಿಗಳಿಗೆ ಹೋಗುತ್ತದೆ. ಎಲ್ಲ ಬೂತುಗಳಿಂದಲೂ ಒಂದೇ ಹೊತ್ತಿಗೆ ಬರುವುದಿಲ್ಲ. ಒಂದು ಕಡೆ ನೆಟ್‌ವರ್ಕ್ ಸಿಗುವುದಿಲ್ಲ, ಇನ್ನೊಂದು ಕಡೆ ಓಟು ಹಾಕುವವರ ಪಾಳಿ ಉದ್ದ ಇದ್ದು ಫೋನ್ ಎತ್ತಲು ಪುರಸೊತ್ತೇ ಇರುವುದಿಲ್ಲ. ಹಾಗಾಗಿ ಅದು ಅಂದಾಜು ಲೆಕ್ಕ. ಪಕ್ಕಾ ಲೆಕ್ಕ ಬೇಕೆಂದರೆ ಓಟು ಮುಗಿದ ಮೇಲೆ 17ಸಿ ನಮೂನೆಯಲ್ಲಿ ಬರೆದು ಅಭ್ಯರ್ಥಿಗಳ ಏಜೆಂಟರಿಗೆ ಕೊಡುವ ಲೆಕ್ಕವೇ ಬೇಕು.

2024ರ ಮೇ 7ರಂದು ರಾಯಚೂರು, ಕೊಪ್ಪಳ, ಬಳ್ಳಾರಿ, ನಮ್ಮ ಈ ಮೂರೂ ಜಿಲ್ಲೆ ಸೇರಿ ರಾಜ್ಯದ 14 ಲೋಕಸಭಾ ಕ್ಷೇತ್ರಗಳಲ್ಲಿ ಓಟು ನಡೆಯಿತು. ಬೆಳಿಗ್ಗೆ ಒಂಬತ್ತಕ್ಕೆ ಶೇ 9 ದಾಟಿತ್ತು. ಹನ್ನೊಂದಕ್ಕೆ ಶೇ 24. ಅದರ ಹಿಂದಿನ ವರ್ಷ, 2023ರ ವಿಧಾನಸಭಾ ಚುನಾವಣೆಯಲ್ಲಿ ರಾಜ್ಯದ ಲೆಕ್ಕ ಹನ್ನೊಂದು ಗಂಟೆಗೆ ಶೇ 21ರ ಹತ್ತಿರ ಇತ್ತು. ಸಂಜೆಗೆ ಏನಾಯಿತು? ನಿಧಾನವಾಗಿ ಶುರುವಾದ 2023ರಲ್ಲಿ ಒಟ್ಟು ಶೇ 73 ದಾಟಿತು. ಜೋರಾಗಿ ಶುರುವಾದ 2024ರಲ್ಲಿ ಈ 14 ಕ್ಷೇತ್ರಗಳದ್ದು ಅದಕ್ಕಿಂತ ಸ್ವಲ್ಪ ಕಡಿಮೆಯೇ ಆಯಿತು. ಒಂದು ಇಡೀ ರಾಜ್ಯ, ಇನ್ನೊಂದು ಬರೀ ಅರ್ಧ ರಾಜ್ಯ, ಪೂರ್ತಿ ಹೋಲಿಸಲು ಬರುವುದಿಲ್ಲ, ನಿಜ. ಆದರೂ ಬೆಳಿಗ್ಗೆ ಜಾಸ್ತಿ ಅಂದರೆ ಸಂಜೆಗೂ ಜಾಸ್ತಿ ಅನ್ನುವ ಮಾತು ನಿಲ್ಲುವುದಿಲ್ಲ, ಅಲ್ವಾ?

ನಮ್ಮ ಕಡೆ ಬೆಳಗಿನ ಪಾಳಿ ಉದ್ದ ಆಗುವುದಕ್ಕೆ ಮೊದಲ ಕಾರಣ ಬಿಸಿಲು. ಏಪ್ರಿಲ್, ಮೇ ತಿಂಗಳಲ್ಲಿ ರಾಯಚೂರು, ಬಳ್ಳಾರಿಯಲ್ಲಿ 40 ಡಿಗ್ರಿ ದಾಟುವುದು ಮಾಮೂಲು. ವಯಸ್ಸಾದವರು ಏಳಕ್ಕೇ ಬಂದು ನಿಲ್ಲುತ್ತಾರೆ. ಹನ್ನೆರಡರಿಂದ ಮೂರರವರೆಗೆ ಬೂತು ಖಾಲಿ ಹೊಡೆಯುತ್ತದೆ. ಮಧ್ಯಾಹ್ನದ ಲೆಕ್ಕ ನಿಂತಲ್ಲೇ ನಿಂತರೆ ಅದು ಯಾವ ಪಕ್ಷದ ಸೋಲೂ ಅಲ್ಲ, ಸುಮ್ನೆ ಬಿಸಿಲು.

ಇನ್ನು ಡ್ಯೂಟಿ. ತೋರಣಗಲ್ಲಿನ ಉಕ್ಕಿನ ಕಾರ್ಖಾನೆ, ಹಟ್ಟಿಯ ಚಿನ್ನದ ಗಣಿ, ಶಕ್ತಿನಗರದ ವಿದ್ಯುತ್ ಸ್ಥಾವರ, ಇಲ್ಲೆಲ್ಲ ಶಿಫ್ಟಿನ ಮೇಲೆ ಕೆಲಸ. ರಾತ್ರಿ ಶಿಫ್ಟು ಮುಗಿಸಿದವರು ಮನೆಗೆ ಹೋಗಿ ಮಲಗುವ ಮೊದಲೇ ಓಟು ಹಾಕಿಬಿಡುತ್ತಾರೆ. ಅಂಥ ಊರಿನ ಒಂಬತ್ತು ಗಂಟೆಯ ಲೆಕ್ಕವನ್ನು ಬರೀ ಹೊಲಮನೆ ಇರುವ ಊರಿನ ಲೆಕ್ಕದ ಜೊತೆ ಇಟ್ಟು ನೋಡಿದರೆ ತಪ್ಪಾಗುತ್ತದೆ.

ಹೆಂಗಸರ ವಿಷಯ ಇನ್ನೂ ದೊಡ್ಡದು. ನಮ್ಮ ಮೂರೂ ಲೋಕಸಭಾ ಕ್ಷೇತ್ರಗಳ ಮತದಾರರ ಪಟ್ಟಿಯಲ್ಲಿ ಗಂಡಸರಿಗಿಂತ ಹೆಂಗಸರ ಹೆಸರೇ ಜಾಸ್ತಿ. ಆದರೆ ಬೆಳಿಗ್ಗೆ ಏಳಕ್ಕೆ ಅವರ ಮುಂದೆ ಏನೇನಿರುತ್ತದೆ? ನಳದ ನೀರು ಬರುವ ಹೊತ್ತು. ರೊಟ್ಟಿ ಬಡಿಯಬೇಕು. ದನಕ್ಕೆ ಮೇವು ಹಾಕಬೇಕು. ಮಕ್ಕಳನ್ನು ಎಬ್ಬಿಸಬೇಕು. ಇದೆಲ್ಲ ಮುಗಿಸಿ ನಾಲ್ಕು ಜನ ಸೇರಿ ಬೂತಿಗೆ ಹೊರಡುವಾಗ ಹತ್ತು ದಾಟಿರುತ್ತದೆ. ಅಷ್ಟು ಹೊತ್ತಿಗೆ ಟಿವಿಯಲ್ಲಿ ಬೆಳಗಿನ ಓಟಿನ ವಿಶ್ಲೇಷಣೆ ಮುಗಿದಿರುತ್ತದೆ. ಜಾಸ್ತಿ ಇರುವವರು ಇನ್ನೂ ಮನೆ ಬಿಟ್ಟೇ ಇಲ್ಲ, ಆಗಲೇ ತೀರ್ಪು.

ನನಗೆ ಎಲ್ಲಕ್ಕಿಂತ ಜಾಸ್ತಿ ಕಾಡುವುದು ಗುಳೆ ಹೋದವರ ಓಟು. ದೇವದುರ್ಗ, ಲಿಂಗಸುಗೂರು, ಮಸ್ಕಿ, ಕುಷ್ಟಗಿ, ಯಲಬುರ್ಗಾ ಕಡೆಯಿಂದ ಎಷ್ಟೋ ಮನೆಯವರು ದುಡಿಯಲು ಬೆಂಗಳೂರು, ಪುಣೆ, ಹೈದರಾಬಾದ್ ಸೇರಿದ್ದಾರೆ. ಬೇಸಿಗೆಯಲ್ಲಿ ಹೊಲದಲ್ಲಿ ಕೆಲಸ ಇರುವುದಿಲ್ಲ, ಚುನಾವಣೆ ಬರುವುದೂ ಬೇಸಿಗೆಯಲ್ಲೇ. ಓಟು ಹಾಕಲೇಬೇಕು ಅಂದವರು ರಾತ್ರಿ ಬಸ್ಸು ಹತ್ತುತ್ತಾರೆ. ಬೆಳಿಗ್ಗೆ ತಾಲ್ಲೂಕಿನಲ್ಲಿ ಇಳಿದು, ಟಂಟಂ ಹಿಡಿದು, ಊರು ಮುಟ್ಟಿ ಮುಖ ತೊಳೆಯುವಷ್ಟರಲ್ಲಿ ಹನ್ನೊಂದಾಗಿರುತ್ತದೆ. ಬಾರದೇ ಇದ್ದವರೇ ಬಹಳ. ಎರಡು ದಿನದ ಕೂಲಿ ಹೋಗುತ್ತದೆ, ಮೇಲೆ ಇಡೀ ಮನೆಯವರ ಬಸ್ ಚಾರ್ಜು. 2019ರಲ್ಲಿ ರಾಯಚೂರು ಕ್ಷೇತ್ರದಲ್ಲಿ ಓಟು ಶೇ 58ರ ಆಸುಪಾಸಿನಲ್ಲೇ ನಿಂತಿತು. 2024ರಲ್ಲಿ ಶೇ 64 ದಾಟಿದರೂ ಕೊಪ್ಪಳ, ಬಳ್ಳಾರಿಗಿಂತ ಹಿಂದೆಯೇ ಉಳಿಯಿತು. ಜನರಿಗೆ ಆಸಕ್ತಿ ಇಲ್ಲ ಅಂತ ಯಾರಾದರೂ ಅಂದರೆ ನನಗೆ ಸಂಕಟವಾಗುತ್ತದೆ. ಆಸಕ್ತಿ ಇಲ್ಲದವರೂ ಇರಬಹುದು. ಊರಲ್ಲೇ ಇಲ್ಲದವರನ್ನು ಆ ಲೆಕ್ಕಕ್ಕೆ ಸೇರಿಸುವುದು ಅನ್ಯಾಯ.

ಓಟು ಜಾಸ್ತಿ ಆದರೆ ಸರ್ಕಾರ ಬೀಳುತ್ತದೆ ಅನ್ನುವ ಹಳೆಯ ಮಾತಿದೆಯಲ್ಲ, ಅದೂ ಅಷ್ಟೇ. 2014ರಲ್ಲಿ ದೇಶದಲ್ಲಿ ಶೇ 66ಕ್ಕೂ ಜಾಸ್ತಿ ಓಟಾಯಿತು, ಸರ್ಕಾರ ಬದಲಾಯಿತು. 2019ರಲ್ಲಿ ಶೇ 67 ದಾಟಿತು. ಅದೇ ಸರ್ಕಾರ ಇನ್ನೂ ಜಾಸ್ತಿ ಸೀಟು ಗೆದ್ದು ಬಂತು.

ಬೇಗ ಬಿದ್ದ ಓಟು ನೋಡಿ ದಾರಿ ತಪ್ಪುವುದು ಹೊರದೇಶದಲ್ಲೂ ಇದೆ. ಅಮೆರಿಕದ ಬಹುತೇಕ ರಾಜ್ಯಗಳಲ್ಲಿ ಮತದಾನದ ದಿನಕ್ಕಿಂತ ಎಷ್ಟೋ ದಿನ ಮೊದಲೇ ಓಟು ಹಾಕಬಹುದು. ಅಲ್ಲಿ ಕೆಲವು ರಾಜ್ಯಗಳಲ್ಲಿ ಮತದಾರರು ತಮ್ಮ ಹೆಸರಿನ ಜೊತೆಗೆ ಪಕ್ಷವನ್ನೂ ನೋಂದಾಯಿಸುತ್ತಾರೆ. ಹಾಗಾಗಿ ಯಾವ ಪಕ್ಷದವರು ಎಷ್ಟು ಜನ ಬಂದರು ಅಂತ ದಿನದಿನವೂ ತಿಳಿಯುತ್ತದೆ. ಅಷ್ಟು ತಿಳಿದರೂ ದಾರಿ ತಪ್ಪುವುದು ಸುಲಭ. 2020ರಲ್ಲಿ, ಕೊರೊನಾ ಇದ್ದ ವರ್ಷ, ಅಲ್ಲಿ 10 ಕೋಟಿ ಜನ ಮೊದಲೇ ಓಟು ಹಾಕಿದರು. ಡೆಮಾಕ್ರಟಿಕ್ ಪಕ್ಷದವರು ಅಂಚೆಯಲ್ಲಿ ಜಾಸ್ತಿ ಕಳಿಸಿದರು, ರಿಪಬ್ಲಿಕನ್ನರು ಕಡೆಯ ದಿನ ಬೂತಿಗೆ ಜಾಸ್ತಿ ಬಂದರು. ಪೆನ್ಸಿಲ್ವೇನಿಯಾ ರಾಜ್ಯದಲ್ಲಿ ಅಂಚೆ ಲಕೋಟೆಯನ್ನು ಮತದಾನದ ದಿನದವರೆಗೆ ಒಡೆಯುವಂತಿರಲಿಲ್ಲ. ಮೊದಲ ರಾತ್ರಿ ರಿಪಬ್ಲಿಕನ್ ಪಕ್ಷದ ಟ್ರಂಪ್ ಮುಂದಿದ್ದರು, ಲಕೋಟೆ ಎಣಿಸುತ್ತ ಹೋದಂತೆ ಡೆಮಾಕ್ರಟಿಕ್ ಪಕ್ಷದ ಬೈಡನ್ ಮುಂದೆ ಬಂದರು. 2024ರಲ್ಲಿ ರಿಪಬ್ಲಿಕನ್ನರೂ ಮೊದಲೇ ಹೋಗಿ ಹಾಕಿದರು. ಬೇಗ ಬಂದವರೆಲ್ಲ ಹೊಸ ಮತದಾರರಲ್ಲ, ಎಷ್ಟೋ ಜನ ಬರೀ ದಿನ ಬದಲಿಸಿದವರು.

ನಮ್ಮಲ್ಲೂ ಮತದಾನದ ದಿನಕ್ಕಿಂತ ಮೊದಲು ಬೀಳುವ ಓಟುಗಳಿವೆ. 2023ರ ವಿಧಾನಸಭಾ ಚುನಾವಣೆಯಲ್ಲಿ ಕರ್ನಾಟಕದಲ್ಲಿ 80 ದಾಟಿದವರು, ಶೇ 40 ಅಥವಾ ಅದಕ್ಕಿಂತ ಜಾಸ್ತಿ ಅಂಗವೈಕಲ್ಯ ಇರುವವರು ಮನೆಯಲ್ಲೇ ಓಟು ಹಾಕಿದರು. 2024ರಲ್ಲಿ ವಯಸ್ಸಿನ ಮಿತಿ 85ಕ್ಕೆ ಏರಿತು. ಅಧಿಕಾರಿಗಳು, ಪೊಲೀಸರು, ವಿಡಿಯೊ ತೆಗೆಯುವವರು ಮನೆಗೆ ಬಂದು, ಒಂದು ರಟ್ಟಿನ ಮರೆ ಇಟ್ಟು, ಮತಪತ್ರ ಕೈಗೆ ಕೊಡುತ್ತಾರೆ. ಅಜ್ಜಿ ಮರೆಯಲ್ಲಿ ಗುರುತು ಹಾಕಿ ಮಡಚಿ ಲಕೋಟೆಗೆ ಹಾಕುತ್ತಾಳೆ. ಮನೆ ಓಟಿನ ಪರ್ಸೆಂಟ್ ಯಾವಾಗಲೂ ಬಹಳ ಚೆನ್ನಾಗಿ ಕಾಣುತ್ತದೆ. ಕಾಣಲೇಬೇಕು, ಅವರೆಲ್ಲ ಮನೆ ಓಟಿಗೆ ಇರುವ 12ಡಿ ಅರ್ಜಿ ಹಾಕಿ ಕೇಳಿಕೊಂಡವರು. ಆದರೆ 2023ರಲ್ಲಿ ರಾಜ್ಯದಲ್ಲಿ 80 ದಾಟಿದ ಮತದಾರರು 12 ಲಕ್ಷಕ್ಕೂ ಜಾಸ್ತಿ ಇದ್ದರು. ಅವರಲ್ಲಿ ಮನೆ ಓಟು ಕೇಳಿದವರು 1 ಲಕ್ಷವೂ ಆಗಲಿಲ್ಲ. ಅರ್ಜಿ ಹಾಕದವರು ಬೂತಿನ ತನಕ ಬಂದರೋ, ಮನೆಯಲ್ಲೇ ಉಳಿದರೋ? ನಾವು ಕೇಳಬೇಕಾದ ಪ್ರಶ್ನೆ ಇದು.

ಹಾಗಾಗಿ ಮುಂದಿನ ಚುನಾವಣೆಯ ದಿನ ಒಂಬತ್ತು ಗಂಟೆಯ ಲೆಕ್ಕ ನಿಮ್ಮ ಮೊಬೈಲಿಗೆ ಬಂದಾಗ ನಿಮ್ಮ ಓಣಿಯನ್ನು ಒಮ್ಮೆ ನೋಡಿ. ಪಕ್ಕದ ಮನೆಯ ಅಮ್ಮ ಹೋಗಿ ಬಂದರಾ? ನಡೆಯಲಾರದ ಅಜ್ಜನಿಗೆ ಬೂತಿನ ಗಾಲಿಕುರ್ಚಿ ಸಿಕ್ಕಿತಾ? ಸಂಜೆ ಆರಕ್ಕೆ ಪಾಳಿಯಲ್ಲಿ ನಿಂತಿದ್ದವರಿಗೆಲ್ಲ ಚೀಟಿ ಕೊಡುತ್ತಾರೆ, ಅವರೆಲ್ಲ ಹಾಕುವವರೆಗೆ ಬೂತು ಮುಚ್ಚುವುದಿಲ್ಲ. ತಡವಾಯಿತು ಅಂತ ಯಾರೂ ಅರ್ಧದಿಂದ ಮನೆಗೆ ತಿರುಗಬೇಡಿ. ಕೂಲಿಗೆ ಹೋಗುವವರಿಗೂ ಒಂದು ಮಾತು. ಮತದಾನದ ದಿನ ಸಂಬಳ ಸಹಿತ ರಜೆ ಕೊಡಬೇಕು ಅಂತ ಕಾನೂನೇ ಇದೆ, ದಿನಗೂಲಿಯವರಿಗೂ ಅದು ಅನ್ವಯಿಸುತ್ತದೆ. ಮೇಸ್ತ್ರಿಯ ಹತ್ತಿರ ಕೇಳಿ ಪಡೆಯಿರಿ.

ದುಡಿಯಲು ಹೋದ ಮಕ್ಕಳು ಫೋನ್ ಮಾಡಿದಾಗ ಪಟ್ಟಿಯಲ್ಲಿ ಅವರ ಹೆಸರು ಇನ್ನೂ ಇದೆಯಾ ಅಂತ ನೋಡಿ ಹೇಳಿ. ಊರಲ್ಲಿ ಇಲ್ಲ ಅಂತ ಎಷ್ಟೋ ಹೆಸರು ಬಿಟ್ಟುಹೋಗಿರುತ್ತವೆ. ಅದು ಗೊತ್ತಾಗುವುದು ಬಸ್ ಚಾರ್ಜು ಖರ್ಚು ಮಾಡಿ ಬೂತಿಗೆ ಬಂದ ಮೇಲೆ. ನಿಮ್ಮ ಬೂತಿನ ಮತದಾರರ ಪಟ್ಟಿ ನೋಡಿಕೊಳ್ಳುವ ಬಿಎಲ್‌ಒ ಹತ್ತಿರ ಕೇಳಬಹುದು, ಇಲ್ಲವೇ ಮತದಾರರ ಸಹಾಯವಾಣಿ 1950ಕ್ಕೆ ಫೋನ್ ಮಾಡಬಹುದು. ಚುನಾವಣೆ ಘೋಷಣೆ ಆಗುವವರೆಗೆ ಕಾಯಬೇಡಿ, ಈಗಲೇ ನೋಡಿಬಿಡಿ.

ನಮಸ್ಕಾರ.